ಉಸಿರೆಳೆಯುವ ಜಾಗ

ಜನವರಿ ೯

ಗುಬ್ಬೀ,

ನೀನು ಬ್ಯಾಂಡ್ ಬಿಟ್ಟ ಸುದ್ದಿ ನನಗೆ ತಿಳಿದದ್ದು ಒಂದು ಪ್ಯಾಂಟಿನಿಂದ. ಗಿರಾಕಿಯೊಬ್ಬರು ಕಾಲಿನ ಅಂಚು ಮಡಿಸಿ ಹೊಲಿಯಲು ಅದನ್ನು ಹಳೆ ಪೇಪರಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದರೆ ಒಳಗೆ ನಿನ್ನ ಮುಖ. ಮೈಕು ಹಿಡಿದು ಬಾಯಿ ತೆರೆದು ನಿಂತಿದ್ದೀಯ, ಪಕ್ಕದಲ್ಲಿ ‘ತಂಡ ತೊರೆದ ಗಾಯಕ’ ಎಂದು ದಪ್ಪ ಅಕ್ಷರ. ಬೀದಿಗೆಲ್ಲ ಗೊತ್ತಿತ್ತಂತೆ, ನನಗೆ ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ಒಡಹುಟ್ಟಿದವಳಿಗೆ ಪೊಟ್ಟಣದ ಕಾಗದದಿಂದ ಸುದ್ದಿ ಮುಟ್ಟಬೇಕಾಯಿತಲ್ಲ.

ಪಕ್ಕದ ಔಷಧಿ ಅಂಗಡಿಯಿಂದ ಫೋನ್ ಮಾಡಿದೆ. ಬೆಳಿಗ್ಗೆ ಮಾಡಿದೆ, ಮಧ್ಯಾಹ್ನ ಮಾಡಿದೆ. ಬಾರಿಸಿಕೊಂಡೇ ಇರುತ್ತದೆ, ಎತ್ತುವವರಿಲ್ಲ. ಅವನೇನು ತೊಟ್ಟಿಲ ಕೂಸಾ, ಅವನ ಪಾಡಿಗೆ ಬಿಡು ಅನ್ನುತ್ತಾರೆ ನಿನ್ನ ಭಾವ. ಅವರಿಗೇನು, ಜೀವಮಾನವೆಲ್ಲ ಲಾರಿ ಓಡಿಸಿದವರು, ಹಿಂದೆ ಬಿಟ್ಟದ್ದನ್ನು ಕನ್ನಡಿಯಲ್ಲಿ ಒಮ್ಮೆ ನೋಡಿ ಮರೆತುಬಿಡುತ್ತಾರೆ. ನನ್ನ ಕೈಲಿ ಆಗುವುದಿಲ್ಲ.

ಏನಾಯಿತು? ಆ ಗಿಟಾರಿನವನ ಜೊತೆ ಜಗಳವಾ? ತಂಡ ತನ್ನದೇ ಎನ್ನುವ ಹಾಗೆ ನಿಲ್ಲುತ್ತಾನೆ, ಅವನು ನನಗೆ ಮೊದಲಿಂದಲೂ ಸರಿ ಕಂಡಿಲ್ಲ. ಆದರೆ ದಪ್ಪಣ್ಣ ಇದ್ದಾನಲ್ಲ. ಡ್ರಮ್ಮು ಬಾರಿಸುವವನಾದರೂ ಮೆತ್ತಗಿನ ಮನುಷ್ಯ. ಅವನು ಮಧ್ಯೆ ನಿಂತು ಸರಿಮಾಡಲಿಲ್ಲವೇ?

ನಿಮ್ಮ ಹಾಡುಗಳು ನನಗೆ ಪೂರ್ತಿ ಹಿಡಿಸುತ್ತವೆ ಎಂದು ಸುಳ್ಳು ಹೇಳುವುದಿಲ್ಲ. ಗದ್ದಲ ಜಾಸ್ತಿ. ಆದರೆ ಆ ಹೆಸರಾದ ಹಾಡಿನ ಕೊನೆಯಲ್ಲಿ ಎತ್ತರಕ್ಕೆ ಒಂದು ಕೂಗು ಹಾಕುತ್ತೀಯಲ್ಲ, ಅದು ರೇಡಿಯೋದಲ್ಲಿ ಬಂದಾಗ ನಾನು ಮಿಷನ್ ನಿಲ್ಲಿಸುತ್ತೇನೆ. ಅಮ್ಮ ಹೋದ ಮೇಲೆ ನಿನ್ನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿಕೊಂಡು ದೇವರ ಪದ ಹೇಳಿಕೊಟ್ಟವಳು ನಾನು. ಮಾತಿನ ನಡುವೆ ಉಸಿರೆಳೆಯಬಾರದು, ದೇವರ ಹೆಸರನ್ನಂತೂ ಎರಡು ತುಂಡು ಮಾಡಲೇಬಾರದು. ಎಳೆದರೆ ಮರದ ಅಳತೆಪಟ್ಟಿಯಿಂದ ಮೊಣಕಾಲಿಗೆ ಒಂದು ಬೀಳುತ್ತಿತ್ತು. ಎಷ್ಟು ಉದ್ದದ ಸಾಲಾದರೂ ಮುಖ ಕೆಂಪಗೆ ಮಾಡಿಕೊಂಡು ಕೊನೆ ಮುಟ್ಟಿಸಿಯೇ ಬಿಡುತ್ತಿದ್ದೆ ನೀನು. ಆ ಕೂಗು ಅಲ್ಲಿಂದ ಬಂದದ್ದು. ಅದನ್ನು ಹೀಗೆ ಬೀದಿಗೆ ಬಿಡಬೇಡ.

ಜಗಳವಾಗಿದ್ದರೆ ತಪ್ಪಾಯಿತು ಎಂದು ಹೇಳಿ ವಾಪಸ್ ಹೋಗು. ಹೇಳಿದರೆ ನಾಲಿಗೆ ಸವೆಯುವುದಿಲ್ಲ.

ನಿನ್ನ ಅಕ್ಕ


ಜನವರಿ ೨೬

ಅಕ್ಕಾ,

ಆ ಪ್ಯಾಂಟಿನವರಿಗೆ ನನ್ನ ನಮಸ್ಕಾರ ಹೇಳು.

ಫೋನ್ ತೆಗೆಸಿಬಿಟ್ಟಿದ್ದೇನೆ. ಪೇಪರಿನವರ ಕಾಟ. ಇನ್ನು ಮೇಲೆ ಏನಿದ್ದರೂ ಬರೆ, ನಾನೂ ಬರೆಯುತ್ತೇನೆ. ಮಾತಾಡಿದರೆ ನಾವಿಬ್ಬರೂ ಕಿತ್ತಾಡುತ್ತೇವೆ ಎನ್ನುವುದು ನಿನಗೂ ಗೊತ್ತು.

ಜಗಳ ಆಗಿಲ್ಲ. ಸಾಕಾಯಿತು, ಬಿಟ್ಟೆ. ಊರೂರಿಗೂ ಹೋಗಿ ಅದೇ ಹಾಡು, ಅದೇ ಕೂಗು. ಕೂಗು ಬರುವ ತನಕ ಜನ ಕಡಲೆ ತಿನ್ನುತ್ತಾ ಕಾಯುತ್ತಾರೆ, ಕೂಗಾದ ಮೇಲೆ ಎದ್ದು ಚಪ್ಪಲಿ ಹುಡುಕುತ್ತಾರೆ. ನನಗೆ ನನ್ನ ಹಾಡು ಬೇಕು. ಬರೆದಿಟ್ಟವು ಎಷ್ಟೋ ಇವೆ, ಗಿಟಾರಿನವನು ಒಂದನ್ನೂ ಎತ್ತಿಕೊಳ್ಳಲಿಲ್ಲ.

ಈಗ ಒಂದು ಜಮಖಾನೆ ಗೋದಾಮಿನ ಹಿಂದಿನ ಕೋಣೆ ಹಿಡಿದಿದ್ದೇನೆ. ಗೋಡೆಗೆಲ್ಲ ಹಳೆ ಜಮಖಾನೆ ಹೊಡೆದು ಅಲ್ಲೇ ಹಾಡು ಕಟ್ಟುತ್ತಿದ್ದೇನೆ. ಆ ಕೋಣೆಯಲ್ಲಿ ಆಡಿದ ಮಾತು ಗೋಡೆ ಮುಟ್ಟುವ ಮುಂಚೆಯೇ ಸತ್ತು ಬೀಳುತ್ತದೆ. ನನಗೆ ಅದು ಹಿತವಾಗಿದೆ.

ಕ್ಯಾಸೆಟ್ ಮುಗಿದ ಕೂಡಲೇ ಮೊದಲ ಪ್ರತಿ ನಿನಗೆ. ಇಲ್ಲಿ ಎಲ್ಲರೂ ಎಲ್ಲದಕ್ಕೂ ಚೆನ್ನಾಗಿದೆ ಅನ್ನುತ್ತಾರೆ. ನೀನು ಅನ್ನುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಪೂರ್ತಿ ಕೇಳಿ ಬರೆ. ವಾಪಸ್ ಹೋಗು ಎಂದು ಮಾತ್ರ ಬರೆಯಬೇಡ.

ಗುಬ್ಬಿ


ಮಾರ್ಚ್ ೩

ಗುಬ್ಬೀ,

ಕ್ಯಾಸೆಟ್ ಬಂತು. ಅಂಗಡಿಯ ಟೇಪ್‌ರೆಕಾರ್ಡರಿಗೆ ಹಾಕಿ, ದೇವರನ್ನು ನೆನೆದು, ಕಿವಿಯನ್ನು ಹತ್ತಿರ ಇಟ್ಟುಕೊಂಡು ಕೂತೆ. ಮೊದಲ ಹಾಡು ಕೇಳಿದೆ, ಎರಡನೆಯದು ಅರ್ಧ ಕೇಳಿದೆ, ಆಮೇಲೆ ಆರಿಸಿಬಿಟ್ಟೆ.

ಅಲ್ಲಪ್ಪಾ, ಇಷ್ಟು ಶೀತ ಕಟ್ಟಿಕೊಂಡು ಯಾಕೆ ಹಾಡಿದೆ? ಹೊರಗೆ ಬರುವ ಮಾತು ಬಾವಿಯೊಳಗಿಂದ ಬಂದ ಹಾಗಿದೆ. ಗಂಟಲು ಒಣಗಿ ಕೆರೆಯುತ್ತಿರುವುದು ನನಗೆ ಇಲ್ಲಿಗೆ ಕೇಳಿಸುತ್ತದೆ. ಗೋದಾಮಿನ ದೂಳು ಹೊಕ್ಕಿರಬೇಕು, ಹಳೆ ಜಮಖಾನೆ ಅಂದರೆ ಸುಮ್ಮನೆಯಾ? ಆ ಕೋಣೆ ಬಿಡು. ಬಿಸಿನೀರಿಗೆ ಜೇನು ಹಾಕಿ ಬೆಳಿಗ್ಗೆ ಸಂಜೆ ಕುಡಿ. ಒಂದು ಬಾಟಲಿ ಜೇನನ್ನು ಬಟ್ಟೆಚೂರುಗಳಲ್ಲಿ ಸುತ್ತಿ ಕಳಿಸಿದ್ದೇನೆ.

ಗುಣವಾದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಹಾಡು. ಈಗಿರುವ ಹಾಗೆ ಜನರ ಕೈಗೆ ಕೊಡಬೇಡ. ಗುಂಡಿ ಹಾಕದ ಅಂಗಿ ತೊಟ್ಟು ಮದುವೆಗೆ ಹೋದ ಹಾಗಾಗುತ್ತದೆ. ಉಳಿದ ಹಾಡುಗಳನ್ನು ನಿನ್ನ ಗಂಟಲು ಸರಿಹೋದ ಮೇಲೇ ಕೇಳುತ್ತೇನೆ.

ಅಕ್ಕ


ಮಾರ್ಚ್ ೧೪

ಅಕ್ಕಾ,

ಜೇನು ಸೋರಿ ಅಂಚೆಯವನ ಚೀಲವೆಲ್ಲ ಅಂಟಾಗಿತ್ತು. ಅವನು ನನ್ನನ್ನು ಬೈದ. ನಿನ್ನ ಪರವಾಗಿ ಬೈಸಿಕೊಂಡೆ.

ನನಗೆ ಶೀತ ಆಗಿಲ್ಲ. ಕೆಮ್ಮಿಲ್ಲ. ದೂಳು ಹೊಕ್ಕಿಲ್ಲ. ಹಾಡು ಇರುವುದೇ ಹಾಗೆ.

ಪೂರ್ತಿ ಕೇಳು ಎಂದಿದ್ದೆ, ಒಂದೂವರೆ ಹಾಡು ಕೇಳಿ ಜೇನು ಕಳಿಸುತ್ತೀಯ. ಕ್ಯಾಸೆಟ್ ಆಗಲೇ ಅಂಗಡಿಗಳಿಗೆ ಹೋಗಿದೆ. ನೀನು ಹೇಳಿದ್ದು ತಡವಾಯಿತು, ಮೊದಲೇ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಗುಬ್ಬಿ


ಏಪ್ರಿಲ್ ೨

ಗುಬ್ಬೀ,

ಸರಿ. ಶೀತ ಅಲ್ಲ. ಇನ್ನು ಕೇಳುವುದಿಲ್ಲ. ನಿನ್ನನ್ನು ಕೇಳಿ ಪ್ರಯೋಜನವಿಲ್ಲ ಅಂತ ಕೇಳಬೇಕಾದವನನ್ನೇ ಕೇಳಿಕೊಂಡಿದ್ದೇನೆ.

ಇಲ್ಲಿ ಶಾಲೆ ಶುರುವಾಗುವ ಮೊದಲಿನ ಭರಾಟೆ. ಮೇಜಿನ ತುಂಬ ನೀಲಿ ಲಂಗ, ಬಿಳಿ ಅಂಗಿ. ಪ್ರತಿ ತಾಯಿಯೂ ಬೆಳೆಯುವ ಮಕ್ಕಳು, ಒಳಗೆ ಬಟ್ಟೆ ಜಾಸ್ತಿ ಬಿಡಿ ಅನ್ನುತ್ತಾಳೆ. ಪ್ರಾರ್ಥನಾ ಮಂದಿರದಲ್ಲಿ ಈಗ ನನ್ನ ಬದಲು ಹಾಡು ಎತ್ತಿಕೊಡುತ್ತಿರುವುದು ಅಂಚೆ ಮಾಸ್ತರರ ಹೆಂಡತಿ. ಪಾಪ, ಎಲ್ಲವನ್ನೂ ಒಂದೇ ಧಾಟಿಗೆ ಎಳೆಯುತ್ತಾರೆ. ನನಗೆ ಕೆಲಸ ಹೆಚ್ಚು ಎಂದು ಹೇಳಿದ್ದೇನೆ.

ಇನ್ನೊಂದು ವಿಷಯ. ದಪ್ಪಣ್ಣ ಔಷಧಿ ಅಂಗಡಿಗೆ ಫೋನ್ ಮಾಡಿ ನನ್ನನ್ನು ಕರೆಸಿ ಮಾತಾಡಿದ. ಅಕ್ಕಾ ಹೇಗಿದ್ದೀರಿ, ಬೆನ್ನು ನೋವು ಹೇಗಿದೆ ಎಂದೆಲ್ಲ ವಿಚಾರಿಸಿದ. ನಿನ್ನ ವಿಳಾಸ ಕೇಳಿದ, ಕೊಟ್ಟೆ. ಕೋಪ ಮಾಡಿಕೊಳ್ಳಬೇಡ. ಅವನ ಮಾತಿನಲ್ಲಿ ನಿನ್ನನ್ನು ಕಳೆದುಕೊಂಡ ಸಂಕಟವಿತ್ತು. ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡ.

ಅಕ್ಕ


ಮೇ ೧೧

ಅಕ್ಕಾ,

ಬರೆಯಲು ತಡವಾಯಿತು. ತಿರುಗಾಟದಲ್ಲಿದ್ದೆ.

ನನ್ನ ಹೆಸರಿನಲ್ಲಿ ಮೊದಲ ಕಾರ್ಯಕ್ರಮಗಳು ನಡೆದವು. ನನ್ನ ಹೆಸರಿನಲ್ಲಿ ಎಂದು ಹೇಳಿಕೊಳ್ಳಬೇಕು ಅಷ್ಟೇ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬ್ಯಾಂಡಿನ ಹೆಸರು ಕುಂಬಳಕಾಯಿ ಗಾತ್ರ, ಅದರ ಕೆಳಗೆ ‘ಖ್ಯಾತಿಯ’ ಎಂದು, ಅದರ ಕೆಳಗೆ ಇರುವೆಯಷ್ಟು ನಾನು. ಯಾಕ್ರೀ ಹೀಗೆ ಎಂದು ನಡೆಸುವವನನ್ನು ಕೇಳಿದೆ. ನಿಮ್ಮನ್ನು ನೋಡಲು ಯಾರು ಬರುತ್ತಾರೆ ಸಾರ್, ಅವರ ಹೆಸರಿಗೇ ಬರೋದು ಎಂದ. ಮುಖ ನೋಡಿಯೇ ಹೇಳಿದ, ನಾಚಿಕೆಯಿಲ್ಲದೆ.

ಕ್ಯಾಸೆಟ್ ಅಂಗಡಿಗೆ ಹೋದರೆ ಅಲ್ಲೂ ಬ್ಯಾಂಡಿನ ಖಾನೆಯಲ್ಲೇ ತುರುಕಿದ್ದಾರೆ. ತೆಗೆದು ಬೇರೆ ಕಡೆ ಇಟ್ಟೆ. ಕೆಲಸದವಳು ಬಂದು, ಸಾರ್ ಸಾಮಾನು ಅತ್ತಿತ್ತ ಮಾಡಬಾರದು ಎಂದು ಮತ್ತೆ ಅಲ್ಲಿಗೇ ತುರುಕಿದಳು. ಮುಖಪುಟದ ಮೇಲೆ ಇರುವುದೇ ನನ್ನ ಮುಖ. ಅವಳಿಗೆ ಗುರುತು ಸಿಗಲಿಲ್ಲ.

ವೇದಿಕೆ ಹತ್ತಿ ಹೊಸ ಹಾಡು ಶುರುಮಾಡಿದರೆ ಹಿಂದಿನಿಂದ ‘ಕೂಗು, ಕೂಗು’ ಎಂದು ಕೂಗುತ್ತಾರೆ. ಎರಡು ಹಾಡು ಸಹಿಸುತ್ತಾರೆ, ಮೂರನೆಯದಕ್ಕೆ ಕುರ್ಚಿ ಸದ್ದು. ಒಬ್ಬಾತ ಎದ್ದು ನಿಂತು, ಸ್ವಾಮೀ ಅದೊಂದು ಹಾಡಿಬಿಡಿ, ಮನೆಗೆ ಹೋಗ್ತೀವಿ ಎಂದ. ನಾನು ಹಾಡಲಿಲ್ಲ. ದುರಹಂಕಾರಿ ಎಂದರು. ಅನ್ನಲಿ.

ದಪ್ಪಣ್ಣ ಬಂದಿದ್ದ. ನಿನ್ನ ಮಾತಿಗೆ ಬೆಲೆ ಕೊಟ್ಟು ಒಳಗೆ ಕೂರಿಸಿ ಚಹಾ ಕೊಟ್ಟೆ. ಏನೋ ಒಂದು ಕೇಳಿದ. ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದೇನೆ. ಒಂದು ಅಡ್ಡಿ ಇದೆ, ಅದನ್ನು ಅವನಿಗೂ ಹೇಳಿಲ್ಲ.

ಕ್ಯಾಸೆಟ್ಟಿನ ಉಳಿದದ್ದು ಕೇಳಿದೆಯಾ? ನೀನು ಬರೆಯಲಿಲ್ಲ.

ಗುಬ್ಬಿ


ಜೂನ್ ೮

ನನ್ನ ಗುಬ್ಬೀ,

ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬೈಯಬೇಡ.

ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ಲಂಗಕ್ಕೆ ನೆರಿಗೆ ಹಿಡಿಯುತ್ತಿದ್ದೆ. ರೇಡಿಯೋದಲ್ಲಿ ಆ ಹಾಡು ಬಂತು. ಹಳೆಯದಲ್ಲ, ಹೊಸದಾಗಿ ಹಾಡಿದ್ದು. ವಾದ್ಯವೆಲ್ಲ ಬೇರೆ. ಕೊನೆಗೆ ಕೂಗು ಬಂತು ನೋಡು! ಸೂಜಿ ಬೆರಳಿಗೆ ಚುಚ್ಚಿಕೊಂಡದ್ದೂ ತಿಳಿಯಲಿಲ್ಲ, ಪಕ್ಕದಲ್ಲಿದ್ದ ಬಿಳಿ ಅಂಗಿಗೆ ರಕ್ತದ ಚುಕ್ಕೆ ಬಿದ್ದ ಮೇಲೇ ಗೊತ್ತಾದದ್ದು. ಸ್ವಚ್ಛ ಗಂಟಲು, ಗಂಟೆಯ ಹಾಗೆ. ಧ್ವನಿ ನಿನಗೆ ವಾಪಸ್ ಬಂದಿದೆ. ಬ್ಯಾಂಡಿನ ಹೆಸರನ್ನೂ ಹೇಳಿದರು. ಅಲ್ಲಿಗೆ ನೀನು ಮತ್ತೆ ಸೇರಿದ್ದೀಯ. ದಪ್ಪಣ್ಣನ ಹೊಟ್ಟೆ ತಣ್ಣಗಿರಲಿ.

ಈಗ ಹೇಳಬಹುದು, ಹೇಳುತ್ತೇನೆ. ಮಾರ್ಚ್‌ನಲ್ಲಿ ನಿನ್ನ ಕ್ಯಾಸೆಟ್ ಕೇಳಿದಾಗಲೇ ನಿನಗೆ ಏನೋ ದೊಡ್ಡದು ಆಗಿದೆ, ನನ್ನಿಂದ ಮುಚ್ಚಿಡುತ್ತಿದ್ದೀಯ ಎಂದು ನನಗೆ ಅನ್ನಿಸಿತ್ತು. ಮಂದಿರಕ್ಕೆ ಹೋಗಿ ಹರಕೆ ಹೊತ್ತೆ. ನನ್ನ ತಮ್ಮನ ಧ್ವನಿ ಅವನಿಗೆ ವಾಪಸ್ ಕೊಡು, ಅಲ್ಲಿಯವರೆಗೆ ನಾನು ಹಾಡುವುದಿಲ್ಲ ಎಂದು. ಕೊಡುವುದಕ್ಕೆ ನನ್ನ ಹತ್ತಿರ ಇನ್ನೇನಿತ್ತು? ಅದಕ್ಕೇ ಅಂಚೆ ಮಾಸ್ತರರ ಹೆಂಡತಿ ಹಾಡುತ್ತಿದ್ದದ್ದು. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಗುನುಗಲಿಲ್ಲ. ನಿನ್ನ ಭಾವ, ಮನೆಯಲ್ಲಿ ಯಾರೋ ಸತ್ತ ಹಾಗಿದೆಯಲ್ಲೇ ಎಂದರು, ಆಗಲೂ ಬಾಯಿ ಬಿಡಲಿಲ್ಲ.

ಇವತ್ತು ಸಂಜೆ ನೇರ ಮಂದಿರಕ್ಕೆ ಹೋಗಿ ಎಲ್ಲರ ಮುಂದೆ ಬಾಯಿ ತುಂಬ ಹಾಡಿ ಬಂದೆ. ಹರಕೆ ತೀರಿತು. ಹೋದ ಜೀವ ಬಂದ ಹಾಗಾಗಿದೆ.

ನಿನ್ನ ಅಕ್ಕ


ಜೂನ್ ೧೯

ಅಕ್ಕಾ,

ಅದು ನಾನಲ್ಲ.

ನೀನು ಕೇಳಿದ್ದು ಅವರು ನನ್ನ ಜಾಗಕ್ಕೆ ತಂದ ಹೊಸ ಗಾಯಕನನ್ನು. ಎಷ್ಟೋ ಜನರನ್ನು ಹಾಡಿಸಿ ನೋಡಿ, ನನ್ನ ಹಾಗೇ ಕೇಳಿಸುವವನನ್ನು ಆರಿಸಿಕೊಂಡಿದ್ದಾರೆ. ಚೆನ್ನಾಗಿ ಆರಿಸಿದ್ದಾರೆ ಎನ್ನುವುದಕ್ಕೆ ನಿನ್ನ ಕಾಗದವೇ ಸಾಕ್ಷಿ.

ಇನ್ನು ಮುಚ್ಚಿಡುವುದು ಏನಿದೆ. ಬ್ಯಾಂಡ್ ಬಿಡುವ ಮೊದಲು ನನ್ನ ಗಂಟಲಲ್ಲಿ ಗಂಟು ಬೆಳೆದಿತ್ತು. ಕತ್ತರಿಸಿ ತೆಗೆದರು. ವಾರಗಟ್ಟಲೆ ಒಂದು ಮಾತೂ ಆಡಬಾರದು ಎಂದಿದ್ದರು ಡಾಕ್ಟರು. ಫೋನ್ ಎತ್ತದಿದ್ದದ್ದು ಅದಕ್ಕೆ, ಪೇಪರಿನವರಿಗಲ್ಲ. ಮಾತು ಮರಳಿತು, ಮೇಲಿನ ಧ್ವನಿ ಮರಳಲಿಲ್ಲ. ಮನೆಯ ಮಹಡಿ ಸುಟ್ಟುಹೋದ ಹಾಗೆ. ಕೆಳಗಿನ ಕೋಣೆಗಳಲ್ಲಿ ವಾಸ ಮಾಡಬಹುದು, ಮೆಟ್ಟಿಲು ಹತ್ತಿದರೆ ಆಕಾಶ. ನಾನೇ ಬಿಟ್ಟೆ ಎಂದು ಹೇಳಿಕೊಂಡು ತಿರುಗಿದೆ. ಬಿಡದಿದ್ದರೆ ಅವರೇ ಬಿಡಿಸುತ್ತಿದ್ದರು. ಜನ ದುರಹಂಕಾರಿ ಅಂದರೆ ತಡೆದುಕೊಳ್ಳುತ್ತೇನೆ, ಪಾಪ ಅಂದರೆ ಆಗುವುದಿಲ್ಲ.

ಆ ಕೆಳಗಿನ ಕೋಣೆಗಳಲ್ಲಿ ಕೂತು ಕಟ್ಟಿದ್ದೇ ಆ ಕ್ಯಾಸೆಟ್. ಅದು ಕಾಯಿಲೆಯಲ್ಲ ಅಕ್ಕಾ, ಈಗ ನನ್ನ ಹತ್ತಿರ ಇರುವ ಧ್ವನಿ ಅದೇ. ನೀನು ಅದಕ್ಕೆ ಜೇನು ಕಳಿಸಿದೆ, ಅದು ಹೋಗಲಿ ಎಂದು ಹರಕೆ ಹೊತ್ತೆ.

ದಪ್ಪಣ್ಣ ಕೇಳಿದ್ದು ಏನೆಂದರೆ, ಜುಲೈನಲ್ಲಿ ಬ್ಯಾಂಡಿನ ವಾರ್ಷಿಕೋತ್ಸವ, ದೊಡ್ಡ ಮೈದಾನದಲ್ಲಿ, ರೇಡಿಯೋದಲ್ಲೂ ಬಿತ್ತರವಾಗುತ್ತದೆ. ಜನಕ್ಕೆ ನಾನು ಬೇಕಂತೆ. ನಾನು ಮುಂದೆ ನಿಲ್ಲಬೇಕು, ನನ್ನ ಮೈಕು ಸತ್ತಿರುತ್ತದೆ. ಹೊಸಬ ಕಪ್ಪು ಪರದೆಯ ಹಿಂದೆ ನಿಂತು ಹಾಡುತ್ತಾನೆ, ನಾನು ಬಾಯಿ ಆಡಿಸಬೇಕು. ಒಂದು ಸಂಜೆ. ಪ್ರತಿಯಾಗಿ ನನ್ನ ಹೊಸ ಹಾಡುಗಳಿಗೆ ಅವರ ವೇದಿಕೆಗಳಲ್ಲಿ ಜಾಗ.

ಇಷ್ಟು ದಿನ ಒಪ್ಪಿರಲಿಲ್ಲ. ಒಂದು ಅಡ್ಡಿ ಇದೆ ಎಂದು ಬರೆದಿದ್ದೆನಲ್ಲ, ಆ ಅಡ್ಡಿ ನೀನು. ಊರೆಲ್ಲ ನಂಬಿದರೂ ರೇಡಿಯೋ ಮುಂದೆ ಕೂತ ಒಬ್ಬಳಿಗೆ ಗೊತ್ತಾಗಿಬಿಡುತ್ತದೆ, ಅವಳ ಮುಖ ಹೇಗೆ ನೋಡಲಿ ಎಂದುಕೊಂಡಿದ್ದೆ. ಈಗ ಆ ಭಯವೂ ಹೋಯಿತು. ನಿನಗೇ ಗೊತ್ತಾಗದ ಮೇಲೆ ಇನ್ಯಾರಿಗೆ ಗೊತ್ತಾಗಬೇಕು?

ಒಪ್ಪಿಗೆ ಹೇಳಿ ಕಳಿಸಿದ್ದೇನೆ.

ಗುಬ್ಬಿ


ಜೂನ್ ೨೭

ಗುಬ್ಬೀ,

ನಿನ್ನ ಕಾಗದ ಓದಿ ಅಂಗಡಿಗೆ ಬಾಗಿಲು ಹಾಕಿ ಒಳಗೆ ಕೂತೆ. ಮೊದಲು ನಿನ್ನ ಮೇಲೆ ಕೋಪ ಬಂತು. ಗಂಟಲು ಕೊಯ್ಯಿಸಿಕೊಂಡು ಒಬ್ಬನೇ ಮಲಗಿದ್ದೀಯ, ನನಗೆ ಪೇಪರಿನವರ ಕಥೆ ಹೇಳುತ್ತೀಯ. ಗಂಜಿ ಕಾಯಿಸಿ ಕೊಡಲೂ ಬೇಡವಾದೆನಾ ನಾನು? ಆಮೇಲೆ ಆ ಕೋಪ ನನ್ನ ಮೇಲೇ ತಿರುಗಿತು. ದೇವರ ಮುಂದೆ ನಿಂತು ಯಾರದೋ ಗಂಟಲಿಗೆ ಕೈ ಮುಗಿದು ಬಂದೆನಲ್ಲ. ಮತ್ತೆ ಬಾಯಿ ಮುಚ್ಚಿದ್ದೇನೆ. ಮಂದಿರದವರು ಇವಳಿಗೇನು ಹುಚ್ಚಾ, ಒಂದು ವಾರ ಹಾಡುತ್ತಾಳೆ ಒಂದು ವಾರ ಇಲ್ಲ ಎಂದು ಆಡಿಕೊಳ್ಳುತ್ತಿದ್ದಾರೆ.

ಆ ಹಾಡು ಈಗ ದಿನಾ ಮಧ್ಯಾಹ್ನ ಬರುತ್ತದೆ. ಮರುದಿನ ಮಿಷನ್ ನಿಲ್ಲಿಸಿ ಕಾದು ಕೂತು ಕೇಳಿದೆ. ಈ ಸಲ ಕೂಗು ಕೇಳಲಿಲ್ಲ, ಕೂಗಿನ ಹಿಂದಿನ ಸಾಲು ಕೇಳಿದೆ. ಅವನು ಅಲ್ಲಿ ಉಸಿರೆಳೆಯುತ್ತಾನೆ. ಒಂದು ಮಾತಿನ ಹೊಟ್ಟೆಯೊಳಗೆ, ಅರ್ಧ ಆ ಕಡೆ ಅರ್ಧ ಈ ಕಡೆ. ನೀನು ಸತ್ತರೂ ಹಾಗೆ ಮಾಡುವವನಲ್ಲ. ನೀನು ಆ ಸಾಲಿನ ಕೊನೆವರೆಗೆ ಹೋಗಿ, ಅದೇ ಉಸಿರಿನಲ್ಲಿ ಕೂಗು ಎತ್ತುತ್ತಿದ್ದೆ. ಎತ್ತರಕ್ಕೆ ಮರುಳಾಗಿ ನನಗೆ ಇಷ್ಟು ಗೊತ್ತಾಗಲಿಲ್ಲ.

ಆಮೇಲೆ ಕಪಾಟಿನಿಂದ ನಿನ್ನ ಕ್ಯಾಸೆಟ್ ತೆಗೆದು ಎರಡೂ ಬದಿ ಕೇಳಿದೆ. ಮುಖಸ್ತುತಿ ಬೇಡ ಎಂದವನು ನೀನೇ, ಹಾಗಾಗಿ ಹೇಳುತ್ತೇನೆ. ಮೊದಲನೆಯ ಹಾಡು ಈಗಲೂ ನನಗೆ ಸೇರಲಿಲ್ಲ. ಮೂರನೆಯದರಲ್ಲಿ ಡ್ರಮ್ಮು ತಲೆ ಮೇಲೆ ಕುಟ್ಟಿದ ಹಾಗಿದೆ. ನಾಲ್ಕನೆಯದು, ಆ ಖಾಲಿ ಬಸ್ಸಿನದು, ಅದನ್ನು ಮಾತ್ರ ಹಿಂದೆ ತಿರುಗಿಸಿ ತಿರುಗಿಸಿ ಕೇಳಿದೆ. ಒಂದು ಮಾತನ್ನೂ ಒಡೆದಿಲ್ಲ. ಎಷ್ಟುದ್ದದ ಸಾಲು, ಎಲ್ಲವೂ ಕೊನೆಗೆ ಮುಟ್ಟಿದೆ. ಮೇಜಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತವನೇ ಅವನು. ಗಂಟಲು ಬೇರೆಯಾಗಿದೆ, ಉಸಿರು ಅದೇ.

ನಾನು ತಿಳಿಯದೆ ಬೇರೆಯವನನ್ನು ನೀನೆಂದುಕೊಂಡೆ. ನೀನು ತಿಳಿದೂ ತಿಳಿದೂ ಹಾಗೆ ಮಾಡಬೇಡ. ನನಗೆ ಗೊತ್ತಾಗುತ್ತದೆ. ಇನ್ನು ಮೇಲೆ ಗೊತ್ತಾಗುತ್ತದೆ.

ಅಕ್ಕ


ಜೂನ್ ೨೯

ಅಕ್ಕಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಬೈದು ಬರೆದಿರುತ್ತೀಯ. ಅದು ಬರುವ ಮೊದಲೇ ಇದನ್ನು ಓದಿ ಸಮಾಧಾನ ಮಾಡಿಕೋ.

ನಿನ್ನೆ ತಾಲೀಮಿಗೆ ಹೋಗಿದ್ದೆ. ಖಾಲಿ ಮೈದಾನ, ವೇದಿಕೆಯ ಎರಡೂ ಕಡೆ ಮನೆಯಷ್ಟು ದೊಡ್ಡ ಪರದೆ, ಅದರ ಮೇಲೆ ನನ್ನ ಮುಖ. ಮೂಗಿನ ಕೂದಲೂ ಕಾಣುತ್ತದೆ. ಹೊಸಬ ಕಪ್ಪು ಬಟ್ಟೆಯ ಹಿಂದೆ ನಿಂತ. ಒಳ್ಳೆಯವನು, ನನ್ನ ಕೈ ಕುಲುಕುವಾಗ ಅವನ ಅಂಗೈ ಬೆವರುತ್ತಿತ್ತು.

ಹಾಡು ಶುರುವಾಯಿತು. ಬಾಯಿ ಆಡಿಸುತ್ತಾ ಹೋದೆ. ಕೂಗಿನ ಹಿಂದಿನ ಸಾಲಿಗೆ ಬಂದಾಗ ಅವನು ನಡುವೆ ಉಸಿರೆಳೆದ, ಧ್ವನಿ ಒಂದು ಗಳಿಗೆ ನಿಂತಿತು. ಪರದೆಯ ಮೇಲೆ ನನ್ನ ಬಾಯಿ ನಿಲ್ಲದೆ ಓಡುತ್ತಿದೆ. ಮತ್ತೆ ಮಾಡಿಸಿದರು, ಮತ್ತೆ ಹಾಗೇ. ಅಲ್ಲಿ ಬಾಯಿ ಮುಚ್ಚಬೇಕೆಂದು ತಲೆಗೆ ಗೊತ್ತು, ಮೈ ಕೇಳುವುದಿಲ್ಲ. ಮುಚ್ಚಲು ಹೋದರೆ ಮೊಣಕಾಲು ತಾನಾಗಿ ಹಿಂದೆ ಸರಿಯುತ್ತದೆ. ನಗಬೇಡ, ನಿಜವಾಗಿ ಸರಿಯುತ್ತದೆ.

ಆ ಹೊಸಬ ಹೊರಗೆ ಬಂದು, “ಅಣ್ಣಾ, ನೀವು ಎಲ್ಲಿ ಉಸಿರು ತಗೋತೀರೋ ಹೇಳಿ, ನಾನೂ ಅಲ್ಲೇ ತಗೋತೀನಿ” ಎಂದ. ಹೇಳಿಕೊಟ್ಟೆ. ಪ್ರಯತ್ನ ಮಾಡಿದ. ಕೂಗು ಬರುವ ಹೊತ್ತಿಗೆ ಅವನ ಹತ್ತಿರ ಗಾಳಿಯೇ ಉಳಿದಿರಲಿಲ್ಲ, ಕೆಮ್ಮಿಕೊಂಡು ಕೂತ.

ಗಿಟಾರಿನವನು ಗಿಟಾರ್ ಕೆಳಗಿಟ್ಟು ಬಂದ. “ಹಾಡೋಕೆ ಬರಲ್ಲ, ಸರಿ. ಬರೀ ಬಾಯಿ ಆಡಿಸೋಕೂ ಬರಲ್ವಾ ನಿಂಗೆ?”

ಕೋಟು ತೆಗೆದುಕೊಂಡು ಹೊರಟೆ. ದೊಡ್ಡ ಮನಸ್ಸು ಮಾಡಿ ಬಿಟ್ಟುಬಂದೆ ಎಂದುಕೊಳ್ಳಬೇಡ. ಒಪ್ಪಿಕೊಂಡು ಹೋದವನು, ಕೈಲಾಗದೆ ಬಂದೆ. ಮೋಸ ಮಾಡಲೂ ಬಾರದ ಹಾಗೆ ಮಾಡಿಬಿಟ್ಟಿದ್ದೀಯ ನನ್ನನ್ನು. ಅಷ್ಟು ಹೊಡೆಯುವ ಅಗತ್ಯವೇನಿತ್ತು?

ದಪ್ಪಣ್ಣ ಗೇಟಿನವರೆಗೆ ಬಂದ. ಅವನಿಗೆ ನಿನ್ನ ಅಳತೆಪಟ್ಟಿಯ ಕಥೆ ಗೊತ್ತು. “ನಿಮ್ಮಕ್ಕ ಚೆನ್ನಾಗೇ ಹೊಡೆದಿದ್ದಾರೆ ಬಿಡು” ಎಂದು ಬೆನ್ನು ತಟ್ಟಿ ಒಳಗೆ ಹೋದ.

ಇನ್ನು ಅವರ ವೇದಿಕೆ ಇಲ್ಲ. ಜಮಖಾನೆ ಕೋಣೆ ಇದೆ.

ಗುಬ್ಬಿ


ಜುಲೈ ೬

ಅಕ್ಕಾ,

ನಿನ್ನ ಕಾಗದ ಬಂತು. ನನ್ನದು ಹೊರಟ ಮೇಲೆ ಬಂತು. ನೀನು ಅಲ್ಲಿ ಕೂತು ಕೇಳಿದ ಜಾಗದಲ್ಲೇ ನಾನು ಇಲ್ಲಿ ಎಡವಿದ್ದೆ.

ಖಾಲಿ ಬಸ್ಸಿನ ಹಾಡನ್ನು ತೆಗೆದುಹಾಕು ಎಂದು ಕ್ಯಾಸೆಟ್ ಕಂಪನಿಯವರು ಹೇಳಿದ್ದರು.

ಆಗಸ್ಟ್ ಮೂರರ ಸಂಜೆ ಒಂದು ಕಾರ್ಯಕ್ರಮ ಸಿಕ್ಕಿದೆ. ಗ್ರಂಥಾಲಯದ ಮೇಲಿನ ಹಾಲ್. ಕುರ್ಚಿಗಳು ಕಿರುಗುಟ್ಟುತ್ತವೆ, ಫ್ಯಾನು ಹಾಡಿಗಿಂತ ಜೋರು. ಇಲ್ಲೂ ಹಾಳೆಯ ಮೇಲೆ ಬ್ಯಾಂಡಿನ ಹೆಸರೇ ದೊಡ್ಡದು, ಜಗಳವಾಡಿ ಸೋತೆ. ಕೂಗು ಕೇಳುವವರು ಬಂದೇ ಬರುತ್ತಾರೆ. ಆ ಹಳೆ ಹಾಡನ್ನು ಕೆಳಗಿನ ಧ್ವನಿಯಲ್ಲಿ ಹಾಡೋಣವೆಂದಿದ್ದೇನೆ, ಕೂಗಿಲ್ಲದೆ. ಕಲ್ಲು ಹೊಡೆಯಲೂಬಹುದು.

ಅಂಗಡಿ ಬಿಟ್ಟು ಬರಲು ನಿನಗೆ ಆಗುವುದಿಲ್ಲ ಎಂದು ಗೊತ್ತು. ಸುಮ್ಮನೆ ತಿಳಿಸಿದೆ.

ಗುಬ್ಬಿ


ಜುಲೈ ೨೦

ಗುಬ್ಬೀ,

ಅವರ ವಾರ್ಷಿಕೋತ್ಸವ ನಡೆಯಿತಲ್ಲ, ಇಲ್ಲಿ ಎಲ್ಲರ ಮನೆಯಲ್ಲೂ ರೇಡಿಯೋ ಹಾಕಿದ್ದರು. ಮರುದಿನ ಬೀದಿಯವರೆಲ್ಲ ಅಂಗಡಿಗೆ ಬಂದರು. ನಿಮ್ಮ ತಮ್ಮ ಮತ್ತೆ ಸೇರಿದನಲ್ಲ, ಏನು ಹಾಡಿದ, ಏನು ಕೂಗಿದ ಎಂದು. ಅದು ನನ್ನ ತಮ್ಮನಲ್ಲ ಎಂದೆ. ಯಾರೂ ನಂಬಲಿಲ್ಲ. ಔಷಧಿ ಅಂಗಡಿಯವರು, ಪಾಪ, ಮನೆಯಲ್ಲಿ ಏನೋ ಮನಸ್ತಾಪ ಇರಬೇಕು ಎಂದು ನಿನ್ನ ಭಾವನ ಕಿವಿಯಲ್ಲಿ ಹೇಳಿದರಂತೆ. ಎಷ್ಟು ಜನರಿಗೆ ಅಂತ ಉಸಿರಿನ ಲೆಕ್ಕ ಒಪ್ಪಿಸಲಿ? ಕೊನೆಗೆ ರೇಡಿಯೋ ಆರಿಸಿ ನಿನ್ನ ಕ್ಯಾಸೆಟ್ ಹಾಕಿದೆ. ಅರ್ಧ ಜನ ಎದ್ದು ಹೋದರು. ಅಂಚೆ ಮಾಸ್ತರರ ಹೆಂಡತಿ ಕೂತಿದ್ದರು. ಬಸ್ಸಿನ ಹಾಡಿಗೆ, ಇದು ಯಾರದಮ್ಮಾ, ಹೊಟ್ಟೆಯೊಳಗೆ ಹೋಗುತ್ತದೆ ಎಂದರು. ಇವನೇ ನನ್ನ ತಮ್ಮ ಎಂದೆ.

ಹರಕೆಯ ವಿಷಯ. ಬಾಯಿ ಮುಚ್ಚಿಕೊಂಡೇ ಇದ್ದೆ, ತೀರದ ಹರಕೆ ಎಂದು. ಮೊನ್ನೆ ಮಂದಿರದಲ್ಲಿ ಕೂತಾಗ ಯೋಚನೆ ಬಂತು. ನಾನು ಬೇಡಿದ್ದು ನಿನ್ನ ಧ್ವನಿಯನ್ನು. ಅದು ಮಾರ್ಚ್‌ನಿಂದ ನನ್ನ ಕಪಾಟಿನಲ್ಲೇ ಇತ್ತು. ಕೊಟ್ಟವನು ಆಗಲೇ ಕೊಟ್ಟಿದ್ದ, ನಾನು ಅದಕ್ಕೆ ಕೆಮ್ಮಿನ ಔಷಧ ಹುಡುಕುತ್ತಿದ್ದೆ. ಎದ್ದು ನಿಂತು ಹಾಡಿದೆ. ನಾನು ಹಿಡಿಯುತ್ತಿದ್ದ ಎತ್ತರ ನನಗೂ ಈಗ ಎಟುಕುವುದಿಲ್ಲ, ಇಷ್ಟು ದಿನ ಬಲವಂತದಿಂದ ಎಳೆಯುತ್ತಿದ್ದೆ. ತಗ್ಗಿಸಿ ಹಾಡಿದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಲಿ.

ಆಗುವುದಿಲ್ಲ ಎಂದು ನೀನೇ ತೀರ್ಮಾನ ಮಾಡಿಬಿಟ್ಟಿದ್ದೀಯ. ಆಗುತ್ತದೆ. ಶಾಲೆಯ ಬಟ್ಟೆಯೆಲ್ಲ ಮುಗಿದಿದೆ. ನಿನ್ನ ಭಾವ ತಾವೇ ಕರೆತರುತ್ತಾರಂತೆ, ದಾರಿ ಎಲ್ಲಾ ಗೊತ್ತಂತೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಡು, ಕಿರುಗುಟ್ಟದಂಥವು. ಹಿಂದಿನಿಂದ ಯಾರಾದರೂ ‘ಕೂಗು’ ಎಂದರೆ ನಾನು ತಿರುಗಿ ನೋಡುತ್ತೇನೆ. ನನ್ನ ನೋಟ ನಿನಗೆ ಗೊತ್ತಲ್ಲ. ಅಳತೆಪಟ್ಟಿಯನ್ನೂ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ.

ಬರುವಾಗ ಒಂದು ಬಾಟಲಿ ಜೇನು ತರುತ್ತೇನೆ, ಈ ಸಲ ಬಿಗಿಯಾಗಿ ಮುಚ್ಚಳ ಹಾಕಿ. ಶೀತಕ್ಕಲ್ಲ.

ಅಕ್ಕ